ಮರಿ ಹೊರುವ ಮೊಸಳೆ

ಒಂದು ಮಕ್ಕಳ ಪುಸ್ತಕವನ್ನು ಸುಡುವುದಕ್ಕೆ ದೋಣಿ ತುಂಬ ಬಂದೂಕು ಬಂದವು. ಆ ಪುಸ್ತಕದಲ್ಲಿ ಇದ್ದದ್ದಾದರೂ ಏನು? ಒಂದು ಮೊಸಳೆ, ಅದರ ಮರಿಗಳು, ಒಂದಿಷ್ಟು ನೀರು. ಅಷ್ಟೆ.

ಪುಸ್ತಕ ಮಾಡಿದವಳು ನಸಾರಿಯಾ. ಉಮರಿ ನದಿಯ ದಂಡೆಯಲ್ಲಿ ನನ್ನ ಮನೆಗೆ ತಾಗಿದ್ದೇ ಅವಳ ಮನೆ. ಊರಿನಲ್ಲಿ ಸಾವಾದರೆ ಪ್ರಾರ್ಥನೆ ಹೇಳುವವಳು ನಾನು, ಹಾಗಾಗಿ ಎಲ್ಲರಿಗೂ ನಾನು ದೊಡ್ಡಮ್ಮ. ಅವಳ ತಾಯಿ ತೀರಿಕೊಂಡಾಗಲೂ ನಾನೇ ಹೇಳಿದ್ದೆ. ಆಗ ಅವಳ ತಮ್ಮ ಪ್ಲೀನಿಯೊ ಇನ್ನೂ ಹಾಲು ಕುಡಿಯುವ ಕೂಸು. ನಸಾರಿಯಾ ಆ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬೆಳೆದಳು, ಅವನೂ ಆ ಸೊಂಟದ ಮೇಲೆಯೇ ಬೆಳೆದ. ಅವಳು ಮದುವೆ ಆಗಲಿಲ್ಲ. ಕೇಳಿದವರಿಗೆ, "ಇವನೊಬ್ಬನ್ನ ಸಾಕಿ ಸಾಕಾಗಿದೆ, ಇನ್ನೊಬ್ಬನ್ನ ಯಾರು ಸಾಕ್ತಾರೆ?" ಎನ್ನುತ್ತಿದ್ದಳು.

ಪಟ್ಟಣದಿಂದ ಬಂದ ಕಾಗದದ ಪುಸ್ತಕಗಳು ನಮ್ಮ ತೇವಕ್ಕೆ ನಿಲ್ಲುವುದಿಲ್ಲ. ಒಂದು ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ, ಇನ್ನೊಂದರಲ್ಲಿ ಗೆದ್ದಲು ಓದಿ ಮುಗಿಸುತ್ತದೆ. ಅದಕ್ಕೆ ನಸಾರಿಯಾ ದಮಾಗುವಾ ಮರದ ತೊಗಟೆ ಸುಲಿದು, ನದಿಯಲ್ಲಿ ನೆನೆಹಾಕಿ, ಕೊರಡಿನಿಂದ ಬಡಿದು ಬಟ್ಟೆಯಷ್ಟು ಮೆತ್ತಗೆ ಮಾಡಿ ಬಿಸಿಲಿಗೆ ಹರವುತ್ತಿದ್ದಳು. ಅದೇ ಹಾಳೆ. ಪ್ಲೀನಿಯೊ ತನ್ನ ಬಲೆಯ ದಾರದಲ್ಲಿ ಅದನ್ನು ಹೊಲಿದು ಕೊಡುತ್ತಿದ್ದ. ಚಿತ್ರ ಬಿಡಿಸುವುದು ಹಾಗುವಾ ಎಂಬ ಕಾಯಿಯ ರಸದಲ್ಲಿ. ಆ ರಸ ಬಿಡಿಸುವಾಗ ನೀರಿನ ಹಾಗೆ, ಕಣ್ಣಿಗೆ ಕಾಣುವುದೇ ಇಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಕಾಡಿಗೆ ಕಪ್ಪು. ಏನು ಬಿಡಿಸಿದೆನೋ ಅದು ಕೈಯೊಳಗೆ ಇರಬೇಕು, ಕಣ್ಣನ್ನು ನಂಬಿ ಮಾಡುವ ಕೆಲಸವಲ್ಲ ಅದು. ಸಂಜೆ ಬಿಡಿಸಿ, ಕಾರ್ಮೆನ್ ಮಾತೆಗೆ ಕೈಮುಗಿದು ಮಲಗಿದರೆ ಬೆಳಿಗ್ಗೆ ಹಾಳೆಯ ಮೇಲೆ ಮಿಂಚುಳ್ಳಿ ಕೂತಿರುತ್ತಿತ್ತು.

ಇನ್ನೊಂದು ಮಾತು ಹೇಳಬೇಕು. ನಮ್ಮಲ್ಲಿ ಕೂಸಿನ ಹೊಕ್ಕುಳ ಬಳ್ಳಿ ಉದುರಿದ ದಿನ ಸೂಲಗಿತ್ತಿ ಆ ಹಸಿ ಗಾಯಕ್ಕೆ ಒಂದು ಪುಡಿ ಉದುರಿಸುತ್ತಾಳೆ. ಇರುವೆ ಸುಟ್ಟ ಪುಡಿ ಹಾಕಿದರೆ ಮಗು ದುಡಿಯುತ್ತದೆ, ಗಿಣಿಯ ಗರಿ ಹಾಕಿದರೆ ಮಾತು ಬೇಗ ಬರುತ್ತದೆ. ಆ ಪ್ರಾಣಿಯ ಗುಣ ಸಾಯುವ ತನಕ ಆ ಮನುಷ್ಯನ ಜೊತೆ ಇರುತ್ತದೆ. ಹಾಗಾಗಿ ನಸಾರಿಯಾಳ ಪುಸ್ತಕ ಓದುವಾಗ ನಮ್ಮ ಮಕ್ಕಳು ಸುಮ್ಮನೆ ಕೂರುತ್ತಿರಲಿಲ್ಲ. ನೀರುನಾಯಿಯ ಹಾಳೆ ಬಂದರೆ "ಪ್ಲೀನಿಯೊ ಮಾಮ!" ಎಂದು ಕೂಗುವರು. ಕಪ್ಪೆ ಬಂದರೆ ಕಪ್ಪೆಯ ಹೊಕ್ಕುಳದವರ ಹೆಸರು. ಅವಳು ಮಕ್ಕಳಿಗೆ ಕಥೆ ಓದುವ ಓದುಮನೆಯಲ್ಲಿ ಒಂದು ಪುಸ್ತಕ ಮುಗಿಯಿತೆಂದರೆ ಅರ್ಧ ಊರಿನ ಹಾಜರಿ ಹಾಕಿದ ಹಾಗೆ.

ತಪ್ಪು ಆದದ್ದು ಇಲ್ಲೇ. ಒಂದು ಬೇಸಿಗೆಯಲ್ಲಿ ನಸಾರಿಯಾ ತೊಗಟೆ ತರಲು ಹೋದವಳು ಹಳ್ಳದಲ್ಲಿ ಮೊಸಳೆಯೊಂದು ತನ್ನ ಮರಿಗಳನ್ನು ಬಾಯಲ್ಲಿಟ್ಟುಕೊಂಡು ನೀರಿಗೆ ಒಯ್ಯುವುದನ್ನು ಕಂಡಳು. ಕಂಡದ್ದನ್ನು ಬಿಡಿಸಿದಳು. "ಮೊಸಳೆ ಬಾಯಿ ತೆರೆಯಿತು. ಮರಿಗಳು ಹತ್ತಿ ಕೂತವು. ಹಲ್ಲು ಬೇಲಿಯಾಯಿತು, ನಾಲಿಗೆ ಹಾಸಿಗೆಯಾಯಿತು. ನೀರು ಮೆಲ್ಲಗೆ ತೂಗಿತು." ಅಷ್ಟೇ ಕಥೆ. ಮೊಸಳೆಯ ಹೊಕ್ಕುಳದವನು ಒಬ್ಬನಿದ್ದಾನೆ ಎಂಬುದು ಅವಳಿಗೆ ನೆನಪಾಗಲಿಲ್ಲ. ನಮಗ್ಯಾರಿಗೂ ಆಗಲಿಲ್ಲ. ಅವನ ಹೆಸರನ್ನು ಬಾಯಲ್ಲಿ ತೆಗೆಯುವುದನ್ನೇ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ನೆನಪಾಗಿದ್ದರೆ ಮೊಸಳೆಯ ಜಾಗದಲ್ಲಿ ಉಡ ಬಿಡಿಸುತ್ತಿದ್ದಳು.

ಮಕ್ಕಳು ಬಿಡಬೇಕಲ್ಲ. "ಇದು ಯಾರು? ಇದು ಯಾರು?" ಎಂದು ಪೀಡಿಸಿದರು. ಯಾವುದೋ ಅಜ್ಜಿ ಬೀನ್ಸ್ ಸುಲಿಯುತ್ತ, "ಅದು ಅನನಿಯಾಸ್ ಇರಬೇಕು ನೋಡು, ಲೆಯೋವಿಹಿಲ್ದಾಳ ಮಗ" ಎಂದಳಂತೆ. ಮಕ್ಕಳಿಗೆ ಅನನಿಯಾಸ್ ಎಂಬ ಮನುಷ್ಯ ಗೊತ್ತಿಲ್ಲ. ಮೊಸಳೆಯ ಹೆಸರೇ ಅದು ಎಂದುಕೊಂಡರು. ಅಂದಿನಿಂದ ಆ ಹಾಳೆ ಬಂದರೆ ಸಾಕು, "ಅನನಿಯಾಸ್! ಅನನಿಯಾಸ್!" ಎಂದು ಚಪ್ಪಾಳೆ. ಮಲಗುವಾಗ ಅನನಿಯಾಸ್ ಬೇಕು, ಸಿಡಿಲು ಹೊಡೆದರೆ ಅನನಿಯಾಸ್ ಬೇಕು. ಯಿರ್ಲೇಸಾ ಎಂಬ ಹಲ್ಲುಬಿದ್ದ ಪುಟ್ಟಿಯಂತೂ ಊಟದ ತಟ್ಟೆಯಲ್ಲಿ ಅನನಿಯಾಸನಿಗೆಂದು ಒಂದು ತುಂಡು ಬಾಳೆಕಾಯಿ ಎತ್ತಿಡುತ್ತಿದ್ದಳು.

ಆ ಹೊತ್ತಿಗೆ ಅನನಿಯಾಸ್ ನದಿಯ ಮೇಲ್ಭಾಗದ ಬಂದೂಕಿನವರ ಶಿಬಿರದಲ್ಲಿ ಕಮಾಂಡೆಂಟ್ ಆಗಿದ್ದ. ಕಾಡಿನವರು ಎನ್ನುತ್ತಿದ್ದೆವು ನಾವು ಅವರನ್ನು. ನೀರು ಕೊಲ್ಲದ ಮಗ ಬೇಕೆಂದು ಲೆಯೋವಿಹಿಲ್ದಾ ಬೇಡಿಕೊಂಡದ್ದಕ್ಕೆ ಸೂಲಗಿತ್ತಿ ಅವನ ಹೊಕ್ಕುಳಕ್ಕೆ ಮೊಸಳೆ ಹಲ್ಲನ್ನು ತೇಯ್ದು ಹಾಕಿದ್ದಳು. ನೀರು ಅವನನ್ನು ಕೊಲ್ಲಲಿಲ್ಲ. ಅವನು ನೀರಿಗೆ ಹೆಣ ಹಾಕುವವನಾದ. ತೇಲಿ ಬಂದ ಹೆಣವನ್ನು ಯಾರೂ ಎತ್ತಬಾರದು ಎಂದು ಅವನ ಕಟ್ಟಳೆ. ಹದ್ದುಗಳು ಹೆಣದ ಮೇಲೆ ಕೂತು ದೋಣಿಯಲ್ಲಿ ಹೋದ ಹಾಗೆ ನಮ್ಮೆದುರು ಹಾದುಹೋಗುತ್ತಿದ್ದವು. ನಾನು ದಂಡೆಯ ಮೇಲೆ ನಿಂತು ಹೆಸರಿಲ್ಲದ ಪ್ರಾರ್ಥನೆ ಹೇಳಿ ಒಳಗೆ ಬರುತ್ತಿದ್ದೆ. ದೇವರಿಗೆ ಹೆಸರು ಗೊತ್ತಿರುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಸೀಮೆಎಣ್ಣೆ ತರುವ ದೋಣಿಯವನು ಒಮ್ಮೆ ಓದುಮನೆಯ ಹೊರಗೆ ನಿಂತು ಮಕ್ಕಳ ಕೂಗು ಕೇಳಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗು ಅವನ ದೋಣಿಯಲ್ಲೇ ಕೂತು ಶಿಬಿರಕ್ಕೂ ಹೋಯಿತು. ಅಲ್ಲಿ ಹುಡುಗರು ಹಾಡು ಕಟ್ಟಿದರು: ಕಮಾಂಡೆಂಟ್ ಬಾಯಿ ತೆರೆದ, ಕೂಸುಮರಿ ಹತ್ತಿ ಕೂತವು. ಹಾಡಿದವನೊಬ್ಬನನ್ನು ಅನನಿಯಾಸ್ ಅನ್ನದ ತಟ್ಟೆಯ ಮುಂದೆಯೇ ಹಣೆಗೆ ಗುಂಡು ಹೊಡೆದು ನೀರಿಗೆ ಹಾಕಿಸಿದ.

ಆ ಹೆಣ ನದಿಯ ತಿರುವು ಸುತ್ತಿ ಬಂದು ನಾವು ದೋಣಿ ಕಟ್ಟುವ ಕಟ್ಟೆಯ ಕಂಬಕ್ಕೆ ಸಿಕ್ಕಿಹಾಕಿಕೊಂಡಿತು. ಇನ್ನೂ ಮೀಸೆ ಸರಿಯಾಗಿ ಬಾರದ ಮುಖ. ಹಣೆಯಲ್ಲಿ ತೂತು, ಅದರಲ್ಲಿ ಸಣ್ಣ ಸೀಗಡಿಗಳು. ನೀರಿಗೆ ಬಂದ ಮಕ್ಕಳು ನೋಡಿಬಿಟ್ಟವು. ಪ್ಲೀನಿಯೊ ಏನೂ ಯೋಚಿಸಲಿಲ್ಲ. ಹೆಣವನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಗುಂಡಿ ತೋಡಿದ.

"ಲೋ, ಕಟ್ಟಳೆ ಗೊತ್ತಲ್ಲ ನಿಂಗೆ?" ಎಂದಳು ನಸಾರಿಯಾ.

"ಗೊತ್ತು. ಆದ್ರೆ ಕಂಬ ನಮ್ದಲ್ವಾ ಅಕ್ಕ? ನಾನು ದೋಣಿ ಎಲ್ಲಿಗೆ ಕಟ್ಲಿ, ಅವನ ಕುತ್ತಿಗೇಗಾ?"

ಬಾಯಿ ಮಾತ್ರ ಹಾಗೆ. ಗುಂಡಿ ತೋಡುವಾಗ ಅವನು ಮತ್ತೆ ಮತ್ತೆ ನದಿಯ ಕಡೆ ತಿರುಗಿ ನೋಡುತ್ತಿದ್ದ.

ಕಾಡಿನವರು ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಮೊದಲು ನಾಯಿಗಳನ್ನು ಕೊಂದರು. ಆಮೇಲೆ ಓದುಮನೆಗೆ ನುಗ್ಗಿ ಪುಸ್ತಕಗಳನ್ನು ಅಂಗಳಕ್ಕೆ ಎಸೆದು ಎಣ್ಣೆ ಸುರಿದರು. ದಮಾಗುವಾ ತೊಗಟೆ ಬೇಗ ಹೊತ್ತಿಕೊಳ್ಳುವುದಿಲ್ಲ. ಹೊಗೆಯೋ ಹೊಗೆ. ಬಂದೂಕಿನವರೆಲ್ಲ ಕೆಮ್ಮಿ ಕಣ್ಣೊರೆಸಿಕೊಳ್ಳುತ್ತಿದ್ದರು. ಓದುಮನೆಯ ಚಾವಣಿಗೆ ಹಚ್ಚಿದ್ದು ಮಾತ್ರ ಒಂದೇ ಉಸಿರಿಗೆ ಹತ್ತಿತು. ಪ್ಲೀನಿಯೊ ಒಳಗೆ ಓಡಿ ಉಳಿದಿದ್ದ ಪುಸ್ತಕಗಳ ಒಂದು ಕಂತೆ ಎಳೆದುಕೊಂಡು ಬಂದ. ಹೊಸಿಲಲ್ಲೇ ಬಂದೂಕಿನ ಹಿಡಿಯಿಂದ ಅವನ ಬಾಯಿಗೆ ಹೊಡೆದರು. ಹಲ್ಲು ಉದುರಿ ಮಣ್ಣಿನಲ್ಲಿ ಬಿತ್ತು. ಬಿದ್ದವನ ಪಕ್ಕೆಲುಬಿಗೆ ಬೂಟಿನಲ್ಲಿ ಒದ್ದರು. ಒಳಗೆ ಏನೋ ಮುರಿದದ್ದು ನನಗೆ ಕೇಳಿಸಿತು, ಒಣ ಸೌದೆ ಮುರಿದ ಹಾಗೆ.

ಅನನಿಯಾಸ್ ದೋಣಿಯಿಂದ ಕೊನೆಗೆ ಇಳಿದ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಅವನಪ್ಪನದೇ ಹಣೆ. ತನ್ನ ಮನೆಯ ಬಾಗಿಲಲ್ಲಿ ಲೆಯೋವಿಹಿಲ್ದಾ ನಿಂತಿದ್ದಳು, ಕೈಯಲ್ಲಿ ಇನ್ನೂ ಸೌಟು.

"ಅಮ್ಮ, ಒಳಗೆ ಹೋಗು."

"ನಿನ್ನ ಹೆತ್ತ ಅಂಗಳ ಕಣೋ ಇದು. ಇಲ್ಲಿಂದ ಯಾವ ಒಳಗೆ ಹೋಗ್ಲಿ?"

ಅವನು ಮತ್ತೆ ಅವಳ ಕಡೆ ನೋಡಲಿಲ್ಲ. ಊರನ್ನೆಲ್ಲ ಕಟ್ಟೆಯ ಹತ್ತಿರ ನಿಲ್ಲಿಸಿದ. ಅವನ ಪಕ್ಕದಲ್ಲಿ ಎಲ್ಮೆರ್ ಇದ್ದ, ಶಿಬಿರದಲ್ಲಿ ಅವನ ನಂತರದ ನಾಯಕ. ಬೆಟ್ಟದ ಮೇಲಿನ ಊರಿನವನು, ಬಿಳಿಚು ಮುಖ, ಮಾತು ಮೆತ್ತಗೆ. ಅವನು ಮಕ್ಕಳಿಗೆ ಮಿಠಾಯಿ ಹಂಚಿದ. ಯಾರೂ ತಿನ್ನಲಿಲ್ಲ.

"ನಸಾರಿಯಾ, ನಾವಿಬ್ರೂ ಒಂದೇ ಬೆಂಚಲ್ಲಿ ಕೂತು ಅಕ್ಷರ ಕಲ್ತವರು" ಎಂದ ಅನನಿಯಾಸ್. "ನಿಂಗೆ ನನ್ಮೇಲೆ ಏನ್ ಸಿಟ್ಟು?"

"ಸಿಟ್ಟಿಲ್ಲ ಅನನಿಯಾಸ್. ಕಂಡದ್ದನ್ನ ಬರ್ದೆ. ಮೊಸಳೆ ಮರಿ ಹೊರುತ್ತೆ. ನಿನ್ನ ನೆನೆಸ್ಕೊಂಡು ಬರೀಲಿಲ್ಲ."

ಈ ಮಾತು ಅವನಿಗೆ ಇನ್ನೂ ಚುಚ್ಚಿತೆಂದು ಕಾಣುತ್ತದೆ. ಅವಳ ಕೂದಲು ಹಿಡಿದು ಬೆಂಕಿಯ ಹತ್ತಿರ ಎಳೆದೊಯ್ದು ಮುಖ ಬಗ್ಗಿಸಿದ. ಹುಬ್ಬು ಸುಟ್ಟ ವಾಸನೆ ಬಂತು.

"ಮೊಸಳೆ ಏನ್ ಮಾಡುತ್ತೆ ಹೇಳು."

"ತಿನ್ನುತ್ತೆ" ಎಂದಳು.

"ಜೋರಾಗಿ."

"ತಿನ್ನುತ್ತೆ!"

"ಹಾಂ. ಅದನ್ನ ಬರಿ. ಬಾಯಲ್ಲಿ ಮಗು ಇರ್ಬೇಕು, ರಕ್ತ ಇರ್ಬೇಕು. ಈ ಮಕ್ಕಳು ನೋಡಿ ಕಿರುಚ್ಬೇಕು, ಕಿರುಚ್ತಾ ನನ್ನ ಹೆಸರು ಹೇಳ್ಬೇಕು." ಅವನು ಪ್ಲೀನಿಯೊ ಕಡೆ ಬೆರಳು ತೋರಿಸಿದ. "ನಿನ್ನ ತಮ್ಮ ನನ್ನ ಹೆಣ ಎತ್ತಿದ. ಅದಕ್ಕೆ ಅವನ್ನ ಈಗ್ಲೇ ಮುಗಿಸ್ಬೇಕು. ಆದ್ರೆ ಬಿಟ್ಟಿದೀನಿ. ಹಾಗುವಾ ರಸ ನಂಗೂ ಗೊತ್ತು ಕಣೇ, ಬರ್ದಾಗ ಏನೂ ಕಾಣಲ್ಲ. ಬೆಳಿಗ್ಗೆ ಕಪ್ಪೇರಲಿ. ನಾನು ಹೇಳಿದ್ದು ಹಾಳೆ ಮೇಲೆ ಇದ್ರೆ ಇವನು ಉಳೀತಾನೆ. ಬೇರೆ ಏನಾದ್ರೂ ಇದ್ರೆ, ಒಂದು ಕಣ್ಣಲ್ಲಿ ಅದನ್ನ ನೋಡ್ತೀನಿ, ಇನ್ನೊಂದು ಕಣ್ಣಲ್ಲಿ ಇವನ್ನ ಹೊಡೀತೀನಿ."

ಪ್ಲೀನಿಯೊನನ್ನು ಕಟ್ಟೆಯ ಕಂಬಕ್ಕೆ ನಿಲ್ಲಿಸಿ ಕೈಗಳನ್ನು ಕಂಬದ ಹಿಂದೆ ಸೇರಿಸಿ ಕಟ್ಟಿದರು, ಸೊಂಟಕ್ಕೊಂದು ಸುತ್ತು. ಆಗ ನೀರು ಅವನ ಪಾದದ ಮೇಲಿತ್ತು. ಆದರೆ ಮೇಲಿನ ಕಾಡಿನಲ್ಲಿ ಮೋಡ ಕವಿದಿತ್ತು. ಅದು ಎಲ್ಲರಿಗೂ ಕಂಡಿತು.

ನಸಾರಿಯಾ ಹಾಳೆ ಹರವಿ ಕೂತಳು. ಸುತ್ತ ಬಂದೂಕು. ಎಲ್ಲರೂ ನೋಡುತ್ತಿದ್ದೆವು, ಕಾಣುತ್ತಿದ್ದದ್ದು ಒದ್ದೆಯ ಗೆರೆ ಮಾತ್ರ. ಅದೂ ಒಂದು ಗಳಿಗೆಗೆ ಆರಿಹೋಗುತ್ತಿತ್ತು. ಅವಳ ಕೈ ಎಂದಿಗಿಂತ ನಿಧಾನವಾಗಿ ಓಡುತ್ತಿತ್ತು. ಮುಗಿಸಿ ಬಂದವಳ ಕೈಗೆ ನಾನು ನೀರು ಕೊಟ್ಟು ಕಿವಿಯಲ್ಲಿ ಕೇಳಿದೆ.

"ಏನ್ ಬರ್ದೆ ಮಗಳೇ?"

"ಅವನು ಹೇಳಿದ್ದನ್ನೇ ದೊಡ್ಡಮ್ಮ. ಎಷ್ಟು ಚೆನ್ನಾಗಿ ಬರುತ್ತೋ ಅಷ್ಟು ಚೆನ್ನಾಗಿ ಬರ್ದೆ. ತಮ್ಮನ ಉಸಿರಿಗಿಂತ ಒಂದು ಹಾಳೆ ದೊಡ್ಡದಾ?"

ದೊಡ್ಡದಲ್ಲ ಎಂದೆ. ಈಗಲೂ ಅದನ್ನೇ ಹೇಳುತ್ತೇನೆ.

ಬೆಳಗಾಗುವಾಗ ಮೇಲಿನ ಮಳೆ ಇಳಿದು ಬಂದಿತ್ತು. ನೀರು ಕೆಂಪಗೆ, ಕಸಕಡ್ಡಿ ಹೊತ್ತು, ಪ್ಲೀನಿಯೊನ ಎದೆಯ ತನಕ. ಒಡೆದ ತುಟಿ ಬಾತು ನೇರಳೆ ಬಣ್ಣವಾಗಿತ್ತು. ಅಕ್ಕನನ್ನು ಕಂಡು ಏನೋ ಹೇಳಲು ನೋಡಿದ.

"ಅಕ್ಕ, ಮೀನು ಬಂದು ಬೆರಳು ಕಚ್ತಾವೆ. ಇಷ್ಟು ದಿನ ನಾನು ತಿಂದದ್ದಕ್ಕೆ ಲೆಕ್ಕ ಚುಕ್ತಾ ಮಾಡ್ಕೊತಿವೆ."

"ಮಾತಾಡ್ಬೇಡ್ವೋ. ಇನ್ನೇನು ಮುಗೀತು" ಎಂದಳು ಅವಳು.

ಹಾಳೆ ತಂದು ಕಟ್ಟೆಯ ಮೇಲೆ ಹಗ್ಗಕ್ಕೆ ತೂಗುಹಾಕಿದರು. ರಸ ಕಪ್ಪೇರಿತ್ತು. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಅಂಥ ಮೊಸಳೆಯನ್ನು ನಾನು ಕಂಡಿಲ್ಲ, ಕಾಣುವುದೂ ಬೇಡ. ಕಣ್ಣು ತಣ್ಣಗಿತ್ತು. ಹಲ್ಲಿನ ನಡುವೆ ಒಂದು ಕೂಸು ಅಡ್ಡಲಾಗಿ ಮುರಿದಿತ್ತು; ಅದರ ಒಂದು ಕೈ ಮಾತ್ರ ಹೊರಗೆ, ಬೆರಳುಗಳು ಅಗಲಿಸಿಕೊಂಡು. ಅಚ್ಯೊತೆ ಬೀಜದ ಕೆಂಪು ದವಡೆಯಿಂದ ಹಾಳೆಯ ಅಂಚಿನ ತನಕ ಇಳಿದಿತ್ತು. ಬಂದೂಕಿನವರೂ ಹತ್ತಿರ ಬಂದು ನೋಡಿದರು. ಅನನಿಯಾಸನ ಮುಖ ಅರಳಿತು.

"ಇದು!" ಎಂದ. "ಇದು ಕೆಲಸ ಅಂದ್ರೆ. ಮಕ್ಕಳನ್ನ ಮುಂದೆ ತನ್ನಿ."

ಮಕ್ಕಳನ್ನು ತಳ್ಳಿ ಸಾಲಾಗಿ ನಿಲ್ಲಿಸಿದರು. ಕೆಲವು ಅತ್ತವು. ಒಂದು ನಿಂತಲ್ಲೇ ಒದ್ದೆ ಮಾಡಿಕೊಂಡಿತು.

"ಹೇಳಿ ಈಗ. ಇದು ಯಾರು?"

ತಾಯಂದಿರು ಹಿಂದಿನಿಂದ "ಹೇಳು, ಹೇಳು ಬಂಗಾರ" ಎಂದು ಬೇಡಿದರು. ನಸಾರಿಯಾ ಮಂಡಿಯೂರಿದಳು. "ಮಕ್ಳಾ, ಕಥೆ ಹೊತ್ತಲ್ಲಿ ಕೂಗ್ತೀರಲ್ಲ, ಹಾಗೇ. ಮೊಸಳೆ ಹೆಸರು ಏನು?"

ಯಿರ್ಲೇಸಾ ಮುಂದೆ ಬಂದಳು. ಚಿತ್ರವನ್ನು ಕತ್ತು ಓರೆ ಮಾಡಿ ನೋಡಿದಳು.

"ಇದು ಅನನಿಯಾಸ್ ಅಲ್ಲ" ಎಂದಳು.

"ಏನಂದೆ?" ಎಂದ ಅವನು.

"ಇದು ಅನನಿಯಾಸ್ ಅಲ್ಲ. ಅನನಿಯಾಸ್ ಕಚ್ಚಲ್ಲ. ಮರೀನ ಬಾಯಲ್ಲಿ ಕೂರಿಸ್ಕೊಂಡು ಹೋಗ್ತಾನೆ, ಹದ್ದು ತಗೊಂಡು ಹೋಗ್ಬಾರ್ದು ಅಂತ. ಇದು ಬೇರೆ ಕೆಟ್ಟದ್ದು. ಅನನಿಯಾಸ್ ಬಂದ್ರೆ ಇದಕ್ಕೆ ಸರಿಯಾಗಿ ಮಾಡ್ತಾನೆ ನೋಡಿ ಮಾಮ."

ಮಾಮ ಎಂದಳು ಅವನನ್ನು. ಅವಳಿಗೆ ಅವನು ಯಾರೋ ದೋಣಿಯಲ್ಲಿ ಬಂದ ದೊಡ್ಡವರು, ಅಷ್ಟೆ. ಬಂದೂಕಿನವರ ಸಾಲಿನಲ್ಲಿ ಯಾರದೋ ಮೂಗಿನಿಂದ ಒಂದು ನಗು ಜಾರಿತು. ಕೆಮ್ಮಿನ ಹಾಗೆ ಮಾಡಿ ಮುಚ್ಚಿಕೊಂಡ. ಆದರೆ ಅದು ಕೇಳಿಸಿಯಾಗಿತ್ತು.

ಅನನಿಯಾಸ್ ಮಗುವಿನ ಕೆನ್ನೆಗೆ ಬಾರಿಸಿದ. ಅವಳು ಬಿದ್ದು ಎದ್ದಳು.

"ಹೇಳು, ಅನನಿಯಾಸ್ ತಿಂತಾನೆ ಅಂತ."

"ತಿನ್ನಲ್ಲ" ಎಂದಳು, ಮೂಗಿನಿಂದ ರಕ್ತ ಬರುತ್ತಿದ್ದರೂ. ಆ ವಯಸ್ಸಿನವರಿಗೆ ಸುಳ್ಳು ಹೇಳಿಸುವುದು ಕಷ್ಟ. ಹೊಡೆತಕ್ಕೆ ಅಳು ಬರುತ್ತದೆ, ಮಾತು ಬದಲಾಗುವುದಿಲ್ಲ.

"ಬಾ ಹಂಗಾದ್ರೆ. ಮೊಸಳೆ ಏನ್ ಮಾಡುತ್ತೆ ತೋರಿಸ್ತೀನಿ."

ಅವಳ ತೋಳು ಹಿಡಿದು ಎಳೆದುಕೊಂಡು ಕಟ್ಟೆಯ ಮೆಟ್ಟಿಲು ಇಳಿದ. ನೀರಿಗೆ ಇಳಿಯಲು ಬೇರೆ ದಾರಿ ಇಲ್ಲ. ಆಚೀಚೆ ಕಾಲಿಟ್ಟರೆ ಕೆಸರು ತೊಡೆಯ ತನಕ ನುಂಗುತ್ತದೆ. ಯಿರ್ಲೇಸಾಳ ತಾಯಿ ಓಡಿ ಬಂದಳು; ಬಂದೂಕಿನ ಹಿಡಿ ಅವಳ ಹೊಟ್ಟೆಗೆ ಬಿತ್ತು. ಅನನಿಯಾಸ್ ಸೊಂಟದ ನೀರಿಗೆ ಹೋಗಿ, ಕಂಬಕ್ಕೆ ಬೆನ್ನು ಮಾಡಿ, ನಾವೆಲ್ಲ ಕಾಣುವ ಹಾಗೆ ನಮ್ಮ ಕಡೆ ತಿರುಗಿ ನಿಂತ. ಮಗುವಿನ ಕತ್ತನ್ನು ಹಿಡಿದು ಮುಳುಗಿಸಿದ. ಎತ್ತಿದ. "ತಿಂತಾನಾ?" ಮಗು ಕೆಮ್ಮಿತು. ಮತ್ತೆ ಮುಳುಗಿಸಿದ. ಈ ಸಲ ಎತ್ತಲಿಲ್ಲ. ಪುಟ್ಟ ಕೈಗಳು ನೀರಿನ ಮೇಲೆ ಬಡಿಯುತ್ತಿದ್ದವು.

ಅವನ ಬೆನ್ನ ಹಿಂದೆ ಪ್ಲೀನಿಯೊ ಇದ್ದ. ಕೈ ಕಟ್ಟಿತ್ತು, ಸೊಂಟ ಕಟ್ಟಿತ್ತು, ಕಾಲು ಕಟ್ಟಿರಲಿಲ್ಲ. ನೀರು ಕಾಲನ್ನು ತಾನೇ ಎತ್ತಿಕೊಟ್ಟಿತು. ಎರಡೂ ಕಾಲು ಹಿಂದಿನಿಂದ ಬಂದು ಅನನಿಯಾಸನ ಕುತ್ತಿಗೆಯನ್ನು ಸುತ್ತಿದವು, ಪಾದಕ್ಕೆ ಪಾದ ಕೊಕ್ಕೆ ಬಿತ್ತು, ಹಿಂದಕ್ಕೆ ಎಳೆದವು. ಎತ್ತರದ ಆಳು ಅಂಗಾತ ನೀರಿಗೆ ಹೋದ.

ಮಗು ಕೈ ತಪ್ಪಿ ತೇಲಿತು. ನಸಾರಿಯಾ ಬಂದೂಕುಗಳ ನಡುವೆಯೇ ನುಗ್ಗಿ, ಮೆಟ್ಟಿಲಿಂದ ಹಾರಿ, ಅದರ ಲಂಗ ಹಿಡಿದು ದಂಡೆಗೆ ಎಸೆದ ಹಾಗೆ ಎತ್ತಿದಳು. ಯಾರೋ ಬೆನ್ನು ತಟ್ಟಿದರು. ನೀರು ಕಾರಿಕೊಂಡು ಉಸಿರಾಡಿತು.

ಕಂಬದ ಹತ್ತಿರ ನೀರು ಕುದಿಯುತ್ತಿತ್ತು. ಅನನಿಯಾಸ್ ಒದ್ದ, ಪರಚಿದ, ಪ್ಲೀನಿಯೊನ ತೊಡೆಯ ಮಾಂಸ ಕಚ್ಚಿ ಕಿತ್ತ. ಸೊಂಟದ ಪಿಸ್ತೂಲು ಅವನ ಕೈಗೆ ಸಿಕ್ಕಿತು. ನೀರೊಳಗೇ ಒಂದು ಗುಂಡು ಹಾರಿತು, ಡೊಳ್ಳನ್ನು ಕೆಸರಲ್ಲಿ ಹೊಡೆದಂಥ ಸದ್ದು. ಕೆಂಪು ನೀರು ಇನ್ನೂ ಕೆಂಪಾಯಿತು. ಪ್ಲೀನಿಯೊ ಬಾಯಿ ತೆರೆದು ಕಿರುಚಿದ, ಕಾಲು ಮಾತ್ರ ಬಿಡಲಿಲ್ಲ.

ಬಂದೂಕಿನವನೊಬ್ಬ ಗುರಿ ಹಿಡಿದ. ಎಲ್ಮೆರ್ ಅವನ ಕೊಳವೆಯನ್ನು ಎರಡು ಬೆರಳಿನಿಂದ ಕೆಳಗೆ ಮಾಡಿದ.

"ಹೊಡೆದ್ರೆ ಕಮಾಂಡೆಂಟ್‌ಗೇ ತಗಲುತ್ತೆ."

"ನೀರಿಗೆ ಇಳಿಲಾ ಹಂಗಾದ್ರೆ?"

"ಬೂಟು ಒದ್ದೆ ಆಗುತ್ತೆ" ಎಂದ ಎಲ್ಮೆರ್.

ಯಾರೂ ಇಳಿಯಲಿಲ್ಲ. ತಮ್ಮ ನಾಯಕ ಸಾಯುವುದನ್ನು ಅವರು ಮಳೆ ನಿಲ್ಲುವುದನ್ನು ಕಾಯುವವರ ಹಾಗೆ ನಿಂತು ನೋಡಿದರು. ಬಾಗಿಲಲ್ಲಿ ನಿಂತ ಲೆಯೋವಿಹಿಲ್ದಾ ಮಾತ್ರ, "ಯಾರಾದ್ರೂ ಹಿಡೀರಪ್ಪಾ, ಯಾರಾದ್ರೂ" ಎನ್ನುತ್ತಿದ್ದಳು. ಯಾರನ್ನು ಹಿಡಿಯಬೇಕೆಂದು ಹೇಳಲಿಲ್ಲ. ನನ್ನ ಬಾಯಲ್ಲಿ ಪ್ರಾರ್ಥನೆ ಬರುತ್ತಿತ್ತು, ಯಾರ ಪರವಾಗಿ ಎಂದು ನನಗೂ ಗೊತ್ತಿರಲಿಲ್ಲ.

ನೀರು ಸುಮ್ಮನಾಯಿತು. ಗುಳ್ಳೆಗಳೂ ನಿಂತವು.

"ಬಿಡೋ ತಮ್ಮಾ, ಸತ್ತಿದಾನೆ" ಎಂದ ಎಲ್ಮೆರ್.

"ನಂಬಿಕೆ ಇಲ್ಲ" ಎಂದ ಪ್ಲೀನಿಯೊ, ಹಲ್ಲಿಲ್ಲದ ಬಾಯಲ್ಲಿ. "ಇವನ ಹೊಕ್ಕುಳಕ್ಕೆ ಮೊಸಳೆ ಹಲ್ಲು ಹಾಕಿದಾರೆ."

ಎಲ್ಮೆರ್ ನಕ್ಕ. ಮನಸಾರೆ ನಕ್ಕ. ಅವನ ಹುಡುಗರೂ ನಕ್ಕರು, ಇಷ್ಟು ದಿನ ನುಂಗಿಕೊಂಡಿದ್ದ ನಗುವನ್ನೆಲ್ಲ ಹೊರಗೆ ಹಾಕಿದ ಹಾಗೆ. ಆಮೇಲೆ ಅವನು ನಸಾರಿಯಾ ಕಡೆ ತಿರುಗಿ ಟೋಪಿ ತೆಗೆದ.

"ಅಕ್ಕ, ನಿಮ್ಮ ತಮ್ಮ ನಮಗೆಲ್ಲ ಉಪಕಾರ ಮಾಡಿದ್ರು. ಮರೆಯೋದಿಲ್ಲ. ಆದ್ರೆ ಕಮಾಂಡೆಂಟ್‌ನ ಕೊಂದವನು ಬದುಕಿದಾನೆ ಅಂತ ಮೇಲಿನವರಿಗೆ ನಾನು ಹೆಂಗೆ ಹೇಳ್ಲಿ?"

"ಬರಿ ಅಂದ್ರು, ಬರ್ದಿದೀನಿ" ಎಂದಳು ನಸಾರಿಯಾ. ಎರಡೂ ಕೈಯಿಂದ ಅವನ ಬೂಟು ಹಿಡಿದುಕೊಂಡಿದ್ದಳು. "ಅಲ್ಲಿ ತೂಗ್ತಾ ಇದೆ ನೋಡಿ. ಹೇಳಿದ್ದೇ ಬರ್ದಿದೀನಿ. ಬರ್ದ್ರೆ ಇವನ್ನ ಬಿಡ್ತೀನಿ ಅಂತ ಮಾತು ಕೊಟ್ಟಿದ್ರು."

"ಹೌದು ಅಕ್ಕ. ಮಾತು ಕೊಟ್ಟವರು ನೀರಲ್ಲಿದಾರೆ."

ಅವನು ಮೆಟ್ಟಿಲ ತುದಿಗೆ ಹೋಗಿ, ಬಗ್ಗಿ, ಹತ್ತಿರದಿಂದ ಹೊಡೆದ. ಪ್ಲೀನಿಯೊ ಅಕ್ಕನ ಕಡೆ ನೋಡುತ್ತಿದ್ದ. ತಲೆ ಒಮ್ಮೆ ಕಂಬಕ್ಕೆ ಬಡಿದು ಎದೆಗೆ ಬಾಗಿತು. ಕಂಬದ ಮೇಲಿದ್ದ ಬೆಳ್ಳಕ್ಕಿ ಎದ್ದು ಹೋಯಿತು.

ಹೋಗುವ ಮೊದಲು ಎಲ್ಮೆರ್ ಚಿತ್ರದ ಮುಂದೆ ನಿಂತು ತುಂಬ ಹೊತ್ತು ನೋಡಿದ.

"ನಮ್ಮೂರ ಕಡೆ ಹೊಕ್ಕುಳಕ್ಕೆ ಏನೂ ಹಾಕೋದಿಲ್ಲ" ಎಂದ. "ಇದು ನಂಗಿರ್ಲಿ ಅಕ್ಕ."

ಹಾಳೆಯನ್ನು ಜೋಪಾನವಾಗಿ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಅನನಿಯಾಸ್ ಬಂದ ದೋಣಿಯಲ್ಲಿ, ಅನನಿಯಾಸ್ ಕೂತ ಜಾಗದಲ್ಲಿ ಕೂತ. ಮೋಟಾರಿನ ಸದ್ದು ತಿರುವಿನಾಚೆ ಹೋಗುವ ತನಕ ನಾವು ಯಾರೂ ಅಲ್ಲಾಡಲಿಲ್ಲ.

ನಸಾರಿಯಾ ಅಳಲಿಲ್ಲ. ಕತ್ತಿ ಹಿಡಿದು ನೀರಿಗೆ ಇಳಿದು ಹಗ್ಗ ಕೊಯ್ದಳು. ಪ್ಲೀನಿಯೊ ಅವಳ ಹೆಗಲ ಮೇಲೆ ಬಿದ್ದ. ಆದರೆ ದಂಡೆಗೆ ಎಳೆಯಲು ಆಗಲಿಲ್ಲ. ಅವನ ಕಾಲುಗಳು ಇನ್ನೂ ಅನನಿಯಾಸನ ಕುತ್ತಿಗೆಯಲ್ಲಿದ್ದವು. ಇಡೀ ರಾತ್ರಿ ತಣ್ಣೀರಲ್ಲಿ ನಿಂತ ಕಾಲು, ಮರದ ಬೇರಿನ ಹಾಗೆ ಸೆಟೆದಿತ್ತು. ಗಂಡಸರು ಇಳಿಯಲು ಹೊರಟರೆ "ಬೇಡ" ಎಂದಳು. ಎಳೆದಳು, ತಿರುಗಿಸಿದಳು. ಇಬ್ಬರು ಸತ್ತವರೂ ಒಟ್ಟಿಗೆ ತಿರುಗಿದರು.

ಆಗ ಲೆಯೋವಿಹಿಲ್ದಾ ಮೆಟ್ಟಿಲು ಇಳಿದು ಬಂದಳು. ಲಂಗ ನೀರಿನ ಮೇಲೆ ಅರಳಿತು.

"ಮುಟ್ಬೇಡ" ಎಂದಳು ನಸಾರಿಯಾ. "ನನ್ನ ತಮ್ಮನ್ನ ಮುಟ್ಬೇಡ ನೀನು."

"ಮುಟ್ದೆ ಹೆಂಗೆ ಬಿಡಿಸ್ಲಿ ಮಗಳೇ?" ಎಂದಳು ಮುದುಕಿ. "ನಿನ್ನವನು ನನ್ನವನನ್ನ ಹಿಡ್ಕೊಂಡಿದಾನೆ."

ನಸಾರಿಯಾ ಬೇರೆ ಕಡೆ ಮುಖ ಮಾಡಿದಳು. ಲೆಯೋವಿಹಿಲ್ದಾ ಪ್ಲೀನಿಯೊನ ಮೀನಖಂಡಕ್ಕೆ ಕೈ ಹಾಕಿದಳು. ಎಳೆಯಲಿಲ್ಲ. ಎಣ್ಣೆ ನೀವುವ ಹಾಗೆ ಅಂಗೈಯಿಂದ ಮೇಲೆ ಕೆಳಗೆ ತಿಕ್ಕಿದಳು, ನಿಧಾನವಾಗಿ, ಉಜ್ಜಿ ಉಜ್ಜಿ. ಅವಳ ಮಗನ ಮುಖ ಅವಳ ಮೊಣಕೈಗೆ ತಾಗುತ್ತಿತ್ತು. ಅವನನ್ನು ನೋಡದೆ ತಿಕ್ಕಿದಳು. "ಆಯ್ತು ಕಂದಾ" ಎನ್ನುತ್ತಿದ್ದಳು ಪ್ಲೀನಿಯೊಗೆ. "ಮುಗೀತು. ಇನ್ನು ಬಿಡು. ಬಿಡು ಮಗನೇ."

ದಂಡೆಯ ಮೇಲೆ ನಾನು ಪ್ರಾರ್ಥನೆ ಶುರು ಮಾಡಿದೆ. ಹೆಂಗಸರು ದನಿ ಕೂಡಿಸಿದರು. ಸತ್ತವನ ಹೆಸರು ಹೇಳುವ ಜಾಗ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ನಾನು ಎರಡು ಹೆಸರು ಹೇಳಿದೆ. ಕೆಲವರು ಅಲ್ಲಿಗೇ ದನಿ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ.

ಒಂದು ಪಾದ ಸಡಿಲಿತು. ನಸಾರಿಯಾ ತಿರುಗಿ ಬಂದು ಇನ್ನೊಂದನ್ನು ಹಿಡಿದಳು. ಇಬ್ಬರೂ ಎದುರುಬದುರು, ನೀರಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ. ಕೊಕ್ಕೆ ಬಿಟ್ಟುಕೊಂಡಿತು. ಅನನಿಯಾಸ್ ತಾಯಿಯ ತೋಳಿಗೆ ಜಾರಿದ. ಅವಳು ಅವನನ್ನು ಎದೆಗೆ ಒತ್ತಿ ಹಿಡಿದು ಮೆಟ್ಟಿಲ ಕಡೆ ಹೊರಟವಳು ನಿಂತು, ತಿರುಗಿ ನೋಡಿ, ಬೈಯುವ ದನಿಯಲ್ಲಿ ಹೇಳಿದಳು:

"ತಲೆ ಎತ್ತಿ ಹಿಡಿಯೇ ಹುಡುಗೀ. ನೀರು ಮೂಗಿಗೆ ಹೋಗ್ತಾ ಇದೆ ಅವನಿಗೆ."

ನಸಾರಿಯಾ ಎತ್ತಿ ಹಿಡಿದಳು.